ಎರಡು ಗೀರಿನ ಕಡ್ಡಿ

1859, ಅಕ್ಟೋಬರ್ 2, ಭಾನುವಾರ
ಗ್ರೇಸನ್ಸ್ ಲ್ಯಾಂಡಿಂಗ್, ಅರ್ಕಾನ್ಸಾ

ಕರ್ನಲ್ ವಿಕ್‌ಫೀಲ್ಡ್‌ರ ಹತ್ತಿ ತೋಟದಿಂದ ನನ್ನ ಜೋಡಿನ ಅಂಗಡಿಗೆ ಕಡ್ಡಿಗಳ ಕಟ್ಟು ಬಂತು. ಈ ವರ್ಷ ನಲವತ್ತೊಂದು. ಒಬ್ಬೊಬ್ಬ ಗುಲಾಮನ ಪಾದದ ಉದ್ದಕ್ಕೆ ಒಂದೊಂದು ಕಡ್ಡಿ ಕತ್ತರಿಸಿ, ಯಾರದೆಂದು ಗೊತ್ತಾಗಲು ಗೀರು ಹಾಕಿ, ಹುರಿಯಲ್ಲಿ ಕಟ್ಟಿ ಕಳಿಸುತ್ತಾರೆ. ಆಳುಗಳು ಅಂಗಡಿಗೆ ಬರುವಂತಿಲ್ಲ, ಕಡ್ಡಿ ಬರುತ್ತದೆ. ಕ್ರಿಸ್‌ಮಸ್ಸಿಗೆ ಮುಂಚೆ ನಲವತ್ತೊಂದು ಜೊತೆ ಜೋಡು ಹೋಗಬೇಕು. ಕಡ್ಡಿಗೆ ಎಡ ಬಲ ಇಲ್ಲ, ಆ ಜೋಡುಗಳಿಗೂ ಇಲ್ಲ. ಎರಡೂ ಕಾಲಿಗೆ ಒಂದೇ ಅಚ್ಚು. ಮೊದಲ ತಿಂಗಳು ಕಚ್ಚುತ್ತದೆ, ಆಮೇಲೆ ಕಾಲೇ ಜೋಡಿಗೆ ಹೊಂದಿಕೊಳ್ಳುತ್ತದೆ. ಆ ಜನ ದೂರುವುದಿಲ್ಲ. ದೂರಿದರೂ ಅದು ನನ್ನ ತನಕ ಬರುವುದಿಲ್ಲ.

ಎರಡು ಗೀರಿನ ಕಡ್ಡಿ ನನ್ನ ಹೆಂಡತಿ ಮಹಾಲಾಳದು. ಕಟ್ಟು ಬಿಚ್ಚಿದ ತಕ್ಷಣ ಅದನ್ನು ಹುಡುಕುತ್ತೇನೆ, ಆಮೇಲೆ ಉಳಿದವುಗಳ ಜೊತೆಗೇ ಇಡುತ್ತೇನೆ. ಅವಳೊಬ್ಬಳಿಗೆ ಎಡ ಬಲ ನೋಡಿ ಹೊಲಿದರೆ ತೋಟದ ಮೇಸ್ತ್ರಿಯ ಕಣ್ಣಿಗೆ ಬೀಳುತ್ತದೆ.

ನಾನು, ಎನೋಕ್ ಟಾಲಿವರ್, ಹುಟ್ಟಿನಿಂದ ಸ್ವತಂತ್ರ. ಅಮ್ಮ ಸ್ವತಂತ್ರಳಾಗಿದ್ದಳು, ಮಗು ತಾಯಿಯಂತೆಯೇ ಎಂದು ಕಾನೂನು ಹೇಳುತ್ತದೆ. ಆ ಕಾಗದ ತಗಡಿನ ಡಬ್ಬಿಯಲ್ಲಿದೆ. ಈ ಊರಿನಲ್ಲಿ ನನ್ನಂಥ ಸ್ವತಂತ್ರ ಕರಿಯರು ಐದೇ ಜನ. ಮದುವೆಯಾಗೋಣವೆಂದರೆ ಸ್ವತಂತ್ರ ಹೆಣ್ಣು ಒಬ್ಬಳೂ ಇರಲಿಲ್ಲ. ಆರು ವರ್ಷದ ಹಿಂದೆ ಕರ್ನಲ್‌ರ ಅಂಗಳದಲ್ಲಿ ಬಿಳಿ ಪಾದ್ರಿ ಮದುವೆ ಮಾಡಿಸಿದ. ಗುಲಾಮರ ಮದುವೆಗೆ ಬೇರೆಯೇ ಮಾತು ಇಟ್ಟುಕೊಂಡಿರುತ್ತಾರೆ: "ಸಾವಾಗಲಿ ದೂರವಾಗಲಿ ನಿಮ್ಮನ್ನು ಅಗಲಿಸುವ ತನಕ." ನಾಳೆ ಒಬ್ಬರನ್ನು ಮಾರಿದರೆ ದೇವರ ಮುಂದೆ ಮಾತು ತಪ್ಪಿದ ಹಾಗಾಗಬಾರದಲ್ಲ! ಶನಿವಾರ ಸಂಜೆ ನಡೆದುಕೊಂಡು ಅವಳ ಗುಡಿಸಲಿಗೆ ಹೋಗುತ್ತೇನೆ, ಭಾನುವಾರ ಮಧ್ಯಾಹ್ನ ಬರುತ್ತೇನೆ. ವಾರದ ಉಳಿದ ದಿನ ಈ ಪುಸ್ತಕವೇ ಗತಿ.

ಸ್ವತಂತ್ರ ಕರಿಯರೆಲ್ಲ ಜನವರಿ ಒಂದರೊಳಗೆ ರಾಜ್ಯ ಬಿಡಬೇಕೆಂದು ಫೆಬ್ರವರಿಯಲ್ಲಿ ಕಾನೂನು ಮಾಡಿದ್ದಾರೆ. ಅದು ಕುಡಿದು ತಿರುಗುವವರಿಗೆ ಮಾಡಿದ್ದು. ಊರಿನ ಅರ್ಧ ಜನ ನನ್ನ ಜೋಡು ಹಾಕುತ್ತಾರೆ.

ಅಕ್ಟೋಬರ್ 30, ಭಾನುವಾರ

ವರ್ಜೀನಿಯಾದಲ್ಲಿ ಯಾರೋ ಒಬ್ಬ ಬಿಳಿಯ, ಗುಲಾಮರಿಗೆ ಕೋವಿ ಹಂಚುತ್ತೇನೆಂದು ಸರ್ಕಾರದ ಆಯುಧಗಳ ಉಗ್ರಾಣಕ್ಕೇ ನುಗ್ಗಿ ಸಿಕ್ಕಿಬಿದ್ದಿದ್ದಾನೆ. ಅಲ್ಲಿ ಗುಂಡು ಹಾರಿದರೆ ಇಲ್ಲಿ ಬಾಗಿಲು ಹಾಕಿಕೊಳ್ಳುತ್ತಾರೆ.

ಪಕ್ಕದಂಗಡಿಯಲ್ಲಿ ಕುದುರೆ ಜೀನು ಮಾಡುವ ಬಿಳಿಯ, ಓರಿನ್ ಸ್ಕೇಲ್ಸ್, ಎಂಟು ವರ್ಷದಿಂದ ದಿನಾ ಮಧ್ಯಾಹ್ನ ಚೌಕಗಳ ಹಲಗೆ ತಂದು ನನ್ನ ಜೊತೆ ಕಾಯಿ ಆಡುತ್ತಿದ್ದ. ಕಪ್ಪು ಕಾಯಿ ಅವನಿಗೆ, ಬಿಳಿ ನನಗೆ. ಅದು ಅವನ ತಮಾಷೆ. ಈ ವಾರ ಒಮ್ಮೆಯೂ ಹಲಗೆ ತರಲಿಲ್ಲ. ನಿನ್ನೆ ಬಾಗಿಲಲ್ಲೇ ನಿಂತು ಕೇಳಿದ:

"ಎನೋಕ್, ನಿಂಗೇನಾದ್ರೂ ಮೊದ್ಲೇ ಗೊತ್ತಿತ್ತಾ?"

"ವರ್ಜೀನಿಯಾ ಎಲ್ಲಿ, ನಾನೆಲ್ಲಿ ಮಿಸ್ಟರ್ ಸ್ಕೇಲ್ಸ್?"

"ಅಲ್ಲ, ನೀನು ಓದೋನು. ಅದಕ್ಕೆ ಕೇಳ್ದೆ."

ಎಂಟು ವರ್ಷ ನನ್ನ ಹತ್ತಿರ ಪತ್ರಿಕೆ ಓದಿಸಿಕೊಂಡವನು ಇವನೇ. ಉತ್ತರದವರು ದಕ್ಷಿಣದವರು ಈ ಗುಲಾಮರ ವಿಷಯಕ್ಕೆ ಕಚ್ಚಾಡಿದರೆ ಕಚ್ಚಾಡಲಿ. ಆ ಜಗಳ ನನ್ನದಲ್ಲ. ನನಗೆ ನನ್ನ ಅಂಗಡಿ ಇದೆ.

ನವೆಂಬರ್ 20, ಭಾನುವಾರ

ರಾಜ್ಯ ಬಿಡಬೇಕಾದವರ ಪಟ್ಟಿಯನ್ನು ಕೋರ್ಟಿನ ಬಾಗಿಲಿಗೆ ಹೊಡೆದಿದ್ದಾರೆ. ಐದು ಹೆಸರಲ್ಲಿ ನನ್ನದು ಮೂರನೆಯದು. ಕಾಗುಣಿತ ಸರಿಯಾಗಿಯೇ ಬರೆದಿದ್ದಾರೆ.

ಹೋಗಲು ಮನಸ್ಸಿಲ್ಲದವರಿಗೆ ಇನ್ನೊಂದು ದಾರಿ ಇಟ್ಟಿದ್ದಾರೆ. ನಮಗೆ ಬೇಕಾದ ಯಜಮಾನನನ್ನು ನಾವೇ ಆರಿಸಿಕೊಂಡು, ಅವನ ಗುಲಾಮನೆಂದು ಸಹಿ ಹಾಕಬಹುದು. ಸ್ಕೇಲ್ಸ್ ತಾನಾಗಿಯೇ ಬಂದ. ಬಹಳ ದಿನದ ಮೇಲೆ ಕುರ್ಚಿ ಎಳೆದುಕೊಂಡು ಕೂತ.

"ನನ್ನನ್ನೇ ಆರಿಸ್ಕೋ ಮಾರಾಯ. ಏನೂ ಬದಲಾಗಲ್ಲ. ಇದೇ ಅಂಗಡಿ, ಇದೇ ದಬ್ಬಳ. ಶನಿವಾರ ಹೆಂಡ್ತಿ ಹತ್ರ ಹೋಗು, ಅಪ್ಪಣೆ ಚೀಟಿ ನಾನೇ ಬರ್ಕೊಡ್ತೀನಿ."

"ಈಗ ನಂಗೆ ನಿಮ್ಮ ಚೀಟಿ ಬೇಕಿಲ್ವಲ್ಲ."

"ಆಗ ಬೇಕಾಗುತ್ತಲ್ಲ, ಅದಕ್ಕೇ ಹೇಳಿದ್ದು."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಅದೇ ಹೆಚ್ಚು ಕಹಿ. ಆದರೂ ಯೋಚಿಸುತ್ತಿದ್ದೇನೆ. ಹೋದರೆ ಮಹಾಲಾ ಇಲ್ಲಿ, ನಾನೆಲ್ಲೋ. ಅವಳನ್ನು ಬಿಡಿಸಿ ಕರೆದೊಯ್ಯಲು ಕರ್ನಲ್ ಯಾವ ಬೆಲೆಗೂ ಒಪ್ಪುವವರಲ್ಲ, ಎರಡು ಸಲ ಕೇಳಿ ನೋಡಿದ್ದೇನೆ. ಉಳಿದರೆ ಅವಳಿದ್ದಾಳೆ, ನಾನಿಲ್ಲ.

ಡಿಸೆಂಬರ್ 11, ಭಾನುವಾರ

ನಿನ್ನೆ ಸಂಜೆ ಮಹಾಲಾಳಿಗೆ ಹೇಳಿದೆ. ಸಹಿ ಹಾಕುವುದೆಂದು ತೀರ್ಮಾನಿಸಿಯೇ ಹೋಗಿದ್ದೆ. ಸಂತೋಷದಿಂದ ಅಳುತ್ತಾಳೆಂದುಕೊಂಡಿದ್ದೆ, ಸುಳ್ಳೇಕೆ. ಒಲೆಯ ಬೂದಿಯಿಂದ ಜೋಳದ ರೊಟ್ಟಿ ತೆಗೆಯುತ್ತಿದ್ದಳು.

"ಸೋಮವಾರ ಸಹಿ ಹಾಕ್ತೀನಿ. ಸ್ಕೇಲ್ಸ್ ಹೆಸರಿಗೆ."

"ಯಾಕೆ?"

"ಯಾಕೇಂದ್ರೆ? ನಿನಗೋಸ್ಕರ ಕಣೆ."

"ನಾನು ಕೇಳಿದ್ನಾ?"

ಬೂದಿ ಕೊಡವಿ ರೊಟ್ಟಿಯನ್ನು ನನ್ನ ಮುಂದಿಟ್ಟಳು. ತಾನು ಮುಟ್ಟಲಿಲ್ಲ. ಈಚೆಗೆ ಹೊಟ್ಟೆ ಸರಿಯಿಲ್ಲವಂತೆ.

"ನೋಡು ಎನೋಕ್. ಈ ರೊಟ್ಟಿ ಕರ್ನಲ್‌ದು. ಈ ಒಲೆ ಕರ್ನಲ್‌ದು. ನನ್ನ ಮೈಯೂ ಕರ್ನಲ್‌ದು. ಇದುವರೆಗೂ ಯಾರೂ ಕೊಂಡುಕೊಳ್ಳದೆ ಇರೋ ಒಂದೇ ಒಂದು ವಸ್ತು ನಂಗಿರೋದು, ನೀನು. ಅದನ್ನೂ ಎತ್ಕೊಂಡೋಗಿ ಆ ಜೀನು ಹೊಲಿಯೋನಿಗೆ ಕೊಡ್ತೀಯಾ?"

"ಮತ್ತೆ ಹೋಗ್ಲಾ? ಹೋದ್ರೆ ದೂರ ಆಗ್ತೀವಿ. ಪಾದ್ರಿ ಏನಂದಿದ್ದ, ನೆನಪಿದ್ಯಾ?"

"ನೆನಪಿದೆ. ಅವನು ಹಾಗಂದಾಗ ಹೂಂ ಅಂದೋನು ನೀನು. ನಾನು ಕೆಮ್ಮಿದೆ."

"ಏನೇ ಹಾಗಂದ್ರೆ?"

"ಹಾಗಂದ್ರೆ ಹಾಗೇ. ಸಹಿ ಹಾಕಿದ್ರೆ ಶನಿವಾರ ಈ ಕಡೆ ಬರ್ಬೇಡ, ಬಾಗಿಲು ತೆಗೆಯಲ್ಲ. ಹೋಗು. ಒಬ್ಬರಾದ್ರೂ ಹೊರಗಿರ್ಬೇಕು."

ಇಷ್ಟು ಸಲೀಸಾಗಿ ಹೋಗೆನ್ನಬಹುದೆಂದು ಗೊತ್ತಿರಲಿಲ್ಲ. ಆರು ವರ್ಷ ವಾರ ತಪ್ಪದೆ ನಡೆದ ಕಾಲಿಗೆ ಇದು ಮರ್ಯಾದೆ. ಅವಳಿಗೆ ನಾನು ಸಾಕಾಗಿರಬೇಕು. ಮನೆಗೆ ಬರುವ ತನಕ ಸಿಟ್ಟಿತ್ತು. ಬಂದ ಮೇಲೆ ಅದೂ ಇಲ್ಲ.

ಡಿಸೆಂಬರ್ 13

ಸಹಿ ಹಾಕಲಿಲ್ಲ. ದಿನವಿಡೀ ಜೋಡುಗಳಿಗೆ ಅಟ್ಟೆ ಹೊಡೆದೆ. ಯಾರೂ ಮಾತಾಡಿಸಲಿಲ್ಲ.

ಡಿಸೆಂಬರ್ 28, ಬುಧವಾರ. ಸ್ಟೀಮರ್ ಮೇಲೆ

ನಲವತ್ತೊಂದು ಜೊತೆ ಕಳಿಸಿಕೊಟ್ಟು ಅಂಗಡಿ ಮುಚ್ಚಿದೆ. ಎರಡು ಗೀರಿನ ಜೊತೆಗೆ ಮಾತ್ರ ಒಳಗೆ ಜಿಂಕೆ ತೊಗಲು ಹಾಕಿದ್ದೇನೆ. ಹೊರಗಿನಿಂದ ಕಾಣುವುದಿಲ್ಲ. ಅವಳಿಗೆ ಗೊತ್ತಾಗುತ್ತದೋ ಇಲ್ಲವೋ. ಕಡ್ಡಿಗಳನ್ನು ವಾಪಸ್ ಕೊಡುವುದು ರೂಢಿ. ನಲವತ್ತು ಕೊಟ್ಟೆ. ಒಂದು ಡಬ್ಬಿಯಲ್ಲಿ, ಕಾಗದದ ಪಕ್ಕದಲ್ಲಿದೆ.

ಕೊನೆಯ ಶನಿವಾರ ಹೋಗಿದ್ದೆ. ಮಹಾಲಾ ಬಾಗಿಲು ತೆಗೆದಳು. ಸ್ಕೇಲ್ಸ್ ಹಡಗು ನಿಲ್ಲುವ ಘಟ್ಟಕ್ಕೆ ಬರಲಿಲ್ಲ. ಬಿಳಿ ಕಾಯಿಗಳನ್ನು ಚೀಲದಲ್ಲಿ ಹಾಕಿ ನನ್ನ ಬಾಗಿಲಲ್ಲಿಟ್ಟಿದ್ದ. ಅದೇನು ಪ್ರೀತಿಯೋ, ಪೀಡೆ ತೊಲಗಿತೆಂದೋ.

ಹಡಗಿನ ಅಡುಗೆಯವನು ಪ್ಲೆಸೆಂಟ್ ಎಂಬ ಹೆಸರಿನವನು, ನಮ್ಮವನೇ. "ನಿಮ್ಮೂರವ್ರನ್ನ ಸಾಗಿಸೋದು ಈ ತಿಂಗಳು ಇದು ನಾಲ್ಕನೇ ಸಲ ಕಣಣ್ಣ," ಎಂದ. "ಹತ್ತಿ ಮೂಟೆ ಎಷ್ಟು ಮಾತಾಡುತ್ತೋ ಅಷ್ಟೇ ಮಾತಾಡ್ತೀರಿ ನೀವೂ, ಅಷ್ಟು ಗಟ್ಟಿಯಾಗಿ ತುಂಬಿದ್ದಾರೆ ನಿಮ್ಮನ್ನ." ನಗು ಬಂತು.

1860, ಜನವರಿ 22, ಭಾನುವಾರ
ಸಿನ್ಸಿನಾಟಿ

ಹೊಳೆಯ ಈ ದಡ ಸ್ವತಂತ್ರ, ಆ ದಡ ಕೆಂಟಕಿ, ಗುಲಾಮರ ನಾಡು. ನಡುವೆ ಅರ್ಧ ಮೈಲಿ ನೀರು. ಪೀಪಾಯಿ ಮಾಡುವವನ ಮಾಳಿಗೆಯ ಮೇಲೆ ಕೋಣೆ ಹಿಡಿದಿದ್ದೇನೆ. ಕೆಳಗೆ ಸುತ್ತಿಗೆ ಸದ್ದು, ಮೇಲೆ ನನ್ನದು. ಮೂರು ವಾರದಲ್ಲಿ ನಾನಾಡಿದ ಮಾತನ್ನೆಲ್ಲ ಒಂದು ಪುಟದಲ್ಲಿ ಬರೆಯಬಹುದು, ಅದರಲ್ಲೂ ಅರ್ಧ ಪುಟ ಹವೆಯ ವಿಚಾರ.

ಬೀದಿ ಕೊನೆಯಲ್ಲಿ ನಮ್ಮವರ ಚರ್ಚಿದೆ. ಬನ್ನಿ ಬನ್ನಿ ಎಂದು ಕರೆದರು. ಒಮ್ಮೆ ಹೋದೆ. ಬಹುಪಾಲು ತಪ್ಪಿಸಿಕೊಂಡು ಬಂದವರು. ಒಬ್ಬಳು, "ನೀವು ಎಲ್ಲಿಂದ ಓಡಿ ಬಂದಿದ್ದು?" ಎಂದು ಕೇಳಿದಳು. ನಾನು ಓಡಿ ಬಂದವನಲ್ಲ, ಹೊರಟು ಬಂದವನು ಎಂದೆ. ಅವಳು ಮುಖ ತಿರುಗಿಸಿ ಪಕ್ಕದವರ ಜೊತೆ ಮಾತಿಗಿಳಿದಳು. ಮತ್ತೆ ಹೋಗಲಿಲ್ಲ. ಆ ಜನರ ನಡುವೆ ಕೂತು ಅವರ ಸಂಕಟ ಕೇಳುವುದು ನನ್ನಿಂದಾಗದು.

ಜೂನ್ 16, ಶನಿವಾರ

ಸಂಜೆ ಗಡ್ಡ ಬೋಳಿಸಿದೆ, ಅಂಗಿ ಬದಲಾಯಿಸಿದೆ, ಕೈಗೆ ಟೋಪಿ ತೆಗೆದುಕೊಂಡೆ. ಬಾಗಿಲ ಹತ್ತಿರ ಬಂದ ಮೇಲೆ, ಹೋಗಲು ಎಲ್ಲೂ ಇಲ್ಲವೆಂದು ನೆನಪಾಯಿತು. ಟೋಪಿ ಹಾಕಿಕೊಂಡೇ ಸ್ವಲ್ಪ ಹೊತ್ತು ಕೂತಿದ್ದೆ.

ಡಿಸೆಂಬರ್ 23, ಭಾನುವಾರ

ಹೊಸ ಅಧ್ಯಕ್ಷ ಗುಲಾಮಗಿರಿಯನ್ನು ಹಬ್ಬಲು ಬಿಡುವುದಿಲ್ಲ ಎಂಬ ಸಿಟ್ಟಿಗೆ ದಕ್ಷಿಣ ಕೆರೊಲಿನಾ ದೇಶ ಬಿಟ್ಟು ಹೋಯಿತಂತೆ. ಉಳಿದ ರಾಜ್ಯಗಳೂ ಗಂಟು ಕಟ್ಟುತ್ತಿವೆ. ನನ್ನಂಥವನನ್ನು ಹೋಗೆಂದು ಓಡಿಸಿದರು, ಇವರಾದರೆ ತಾವಾಗಿಯೇ ಎದ್ದು ಹೊರಟಿದ್ದಾರೆ, ನೆಲವನ್ನೂ ಜೊತೆಗೆ ಎತ್ತಿಕೊಂಡು. ಆಳುಗಳನ್ನು ಬಿಡುವುದಕ್ಕಿಂತ ದೇಶ ಬಿಡುವುದೇ ಅವರಿಗೆ ಸುಲಭ.

ಪೀಪಾಯಿಯವನು ಕೆಳಗಿನಿಂದ ಕೂಗಿ, "ಯುದ್ಧ ಆಗುತ್ತೆ ಅಂತೀಯಾ?" ಎಂದ. "ಆದ್ರೆ ಬೂಟು ಬೇಕಾಗುತ್ತೆ," ಎಂದೆ. ಈ ತಿಂಗಳ ನನ್ನ ಅತಿ ದೊಡ್ಡ ಸಂಭಾಷಣೆ ಇದು.

1861, ಏಪ್ರಿಲ್ 9, ಮಂಗಳವಾರ

ಇಂದು ದಬ್ಬಳ ಮುಟ್ಟಲಿಲ್ಲ.

ಬೆಳಿಗ್ಗೆ ಪ್ಲೆಸೆಂಟ್ ಬಂದ, ಆ ಹಡಗಿನ ಅಡುಗೆಯವನು. ಮೂರು ಬೀದಿ ಹುಡುಕಿದನಂತೆ.

"ಜೋಡು ಹೊಲಿಯೋ ಎನೋಕ್ ನೀನೇ ತಾನೆ? ಗ್ರೇಸನ್ಸ್ ಘಟ್ಟದಲ್ಲಿ ಮೊಟ್ಟೆ ಮಾರೋಕೆ ಒಬ್ಬಳು ಬಂದಿದ್ಲು. ಒಂದು ಡಜನ್ ಮೊಟ್ಟೆ ಕೊಟ್ಲು, ಜೊತೆಗೆ ಇದನ್ನ ಕೊಟ್ಲು. ನಿಂಗೆ ಮುಟ್ಟಿಸ್ಬೇಕಂತೆ."

"ಏನಾದ್ರೂ ಹೇಳಿದ್ಲಾ?"

"ಏನೂ ಇಲ್ಲ. ಅವನಿಗೆ ಗೊತ್ತಾಗುತ್ತೆ ಅಂದ್ಲು. ನಂಗೆ ನೋಡಿದ್ರೆ ಹಲ್ಲುಕಡ್ಡಿ ಥರ ಇದೆ."

ಒಂದು ಕಡ್ಡಿ. ನನ್ನ ನಡುಬೆರಳಿಗಿಂತ ಸ್ವಲ್ಪ ಉದ್ದ. ಎರಡು ಗೀರು.

ಮಹಾಲಾಳ ಕಡ್ಡಿ ನನ್ನ ಡಬ್ಬಿಯಲ್ಲಿದೆ, ಇದು ಅವಳದಲ್ಲ. ಕರ್ನಲ್‌ರ ತೋಟದಲ್ಲಿ ದುಡಿಯಲಾರದವರಿಗೆ ಯಾರೂ ಕಡ್ಡಿ ಕತ್ತರಿಸುವುದಿಲ್ಲ. ಮಕ್ಕಳು ಹತ್ತು ವರ್ಷದ ತನಕ ಬರಿಗಾಲು. ಇದು ಕರ್ನಲ್ ಕಳಿಸಿದ ಕಡ್ಡಿಯಲ್ಲ, ಮಹಾಲಾ ನನಗೆಂದೇ ಕತ್ತರಿಸಿದ್ದು. ಇಷ್ಟು ಚಿಕ್ಕ ಪಾದಕ್ಕೆ ಎಂಟು ತಿಂಗಳೋ ಒಂಬತ್ತೋ. ಬೆರಳಲ್ಲಿ ಹಿಂದಕ್ಕೆ ಎಣಿಸಿದೆ. ಮೂರು ಸಲ ಎಣಿಸಿದೆ.

ಆ ಸಂಜೆ ಅವಳು ರೊಟ್ಟಿ ಮುಟ್ಟಲಿಲ್ಲ.

ಗೊತ್ತಿದ್ದೂ ಹೇಳಲಿಲ್ಲ. ಹೇಳಿದ್ದರೆ ನಾನು ಸಹಿ ಹಾಕುತ್ತಿದ್ದೆನೆಂದು ಅವಳಿಗೆ ಗೊತ್ತಿತ್ತು. ತಾಯಿಯಂತೆ ಮಗು. ತೊಟ್ಟಿಲಲ್ಲಿರುವಾಗಲೇ ಕರ್ನಲ್‌ರ ಪಟ್ಟಿಗೆ ಸೇರಿದೆ. ಅಪ್ಪನೊಬ್ಬ ಆ ಪಟ್ಟಿಯ ಹೊರಗಿರಲೆಂದು ನನ್ನನ್ನು ಬೈದು ಕಳಿಸಿದಳು. ನಾನು ಹದಿನಾರು ತಿಂಗಳು ಅವಳ ಮೇಲೆ ಮುನಿಸಿಕೊಂಡು ಕೂತಿದ್ದೆ, ದೊಡ್ಡ ಮನುಷ್ಯ.

ಗಂಡೋ ಹೆಣ್ಣೋ ಕಡ್ಡಿಯಲ್ಲಿ ಬರೆದಿಲ್ಲ.

ಏಪ್ರಿಲ್ 14, ಭಾನುವಾರ

ಜೋಡು ಮುಗಿಯಿತು. ಕಡ್ಡಿ ಉದ್ದ ಹೇಳುತ್ತದೆ, ಅಗಲ ಹೇಳುವುದಿಲ್ಲ. ಮಹಾಲಾಳ ಪಾದ ಮುಂದೆ ಅಗಲ, ನನ್ನದು ಕಿರಿದು. ಎರಡರ ಮಧ್ಯೆ ಹಿಡಿದೆ. ಕಡ್ಡಿಗೆ ಎಡ ಬಲ ಇಲ್ಲದಿದ್ದರೂ ಎರಡು ಅಚ್ಚು ಕೆತ್ತಿದೆ. ವ್ಯರ್ಥ ಕೆಲಸ, ಇಷ್ಟು ಸಣ್ಣ ಕಾಲಿಗೆ ಯಾರು ನೋಡುತ್ತಾರೆ. ಆದರೂ ಒಂದೇ ಅಚ್ಚಿನಲ್ಲಿ ಹೊಲಿಯಲು ಕೈ ಬರಲಿಲ್ಲ.

ಪ್ಲೆಸೆಂಟ್‌ನ ಹಡಗು ಗುರುವಾರ ದಕ್ಷಿಣಕ್ಕೆ ಹೊರಡುತ್ತದೆ. ಅವನ ಕೈಗೆ ಕೊಡಬೇಕು.

ಬೀದಿಯಲ್ಲಿ ಕೂಗಾಟ. ಕೆರೊಲಿನಾದವರು ಸರ್ಕಾರದ ಕೋಟೆಯ ಮೇಲೆ ಫಿರಂಗಿ ಹಾರಿಸಿ ಗೆದ್ದುಕೊಂಡರಂತೆ. ಪೀಪಾಯಿಯವನು ಕುಣಿಯುತ್ತಿದ್ದಾನೆ, ಅವನಿಗೆ ಇಪ್ಪತ್ತು ವರ್ಷವೂ ಆಗಿಲ್ಲ.

ಏಪ್ರಿಲ್ 28, ಭಾನುವಾರ

ಹಡಗು ಹೋಗಲಿಲ್ಲ. ಕೆಳಗಿನ ಊರುಗಳಿಗೆ ಹೋಗುವ ಸರಕನ್ನೆಲ್ಲ ಘಟ್ಟದಲ್ಲೇ ಇಳಿಸುತ್ತಿದ್ದಾರೆ. ಪ್ಲೆಸೆಂಟ್ ಜೋಡನ್ನು ಹಿಂದಕ್ಕೆ ತಂದುಕೊಟ್ಟ.

"ಹೊಳೆ ಮುಚ್ಚಿದ್ರು ಕಣಣ್ಣ."

"ಹೊಳೆ ಮುಚ್ಚೋಕೆ ಅದೇನು ಬಾಗಿಲೇನೋ?"

"ಹಾಗೇ ಅಂದ್ಕೋ. ಮೂರು ತಿಂಗಳಲ್ಲಿ ಮುಗಿಯುತ್ತಂತೆ."

ಮೊನ್ನೆ ನಮ್ಮವರು ಮೂವತ್ತು ಜನ ಸೈನ್ಯಕ್ಕೆ ಸೇರುತ್ತೇವೆಂದು ಹೋದರು. ನಾನೂ ಸಾಲಿನ ಕೊನೆಯಲ್ಲಿ ನಿಂತಿದ್ದೆ, ಏಕೆಂದು ಗೊತ್ತಿಲ್ಲ. ಇದು ಬಿಳಿಯರ ಯುದ್ಧ, ಮನೆಗೆ ಹೋಗಿ ಎಂದು ಕಳಿಸಿದರು. ಒಂದು ಕಾಲದಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. ಬೇರೆಯವರ ಬಾಯಲ್ಲಿ ಕೇಳಿದಾಗ ಮೈ ಉರಿಯಿತು.

1862, ಜುಲೈ

ಒಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ಬರೆಯುವಂಥದ್ದು ಏನಿತ್ತು? ಸೈನಿಕರ ಬೂಟು ಹೊಲಿದೆ. ಈ ತಿಂಗಳು ಆ ಪಾದಕ್ಕೆ ಎರಡು ವರ್ಷ ತುಂಬಿರಬೇಕು. ಅಂದಾಜಿನಲ್ಲಿ ಹೊಸ ಕಡ್ಡಿ ಕತ್ತರಿಸಿ ಡಬ್ಬಿಯಲ್ಲಿಟ್ಟೆ. ಎರಡು ಗೀರು ಹಾಕಿದೆ. ಜೋಡು ಹೊಲಿಯಲಿಲ್ಲ. ಮಗು ಇದೆ ಎಂಬುದಕ್ಕೇ ಏನು ಗ್ಯಾರಂಟಿ.

ಸೆಪ್ಟೆಂಬರ್ 21, ಭಾನುವಾರ

ದಕ್ಷಿಣದ ಸೈನ್ಯ ಹೊಳೆಯ ಆಚೆ ದಡದ ಹತ್ತಿರ ಬಂದಿದೆಯೆಂದು ಊರೆಲ್ಲ ಗಾಬರಿಯಾಗಿತ್ತು. ಕಂದಕ ತೋಡಲು ಜನ ಬೇಕೆಂದು ಕಾವಲಿನವರು ಮನೆಮನೆ ನುಗ್ಗಿ ಕರಿಯ ಗಂಡಸರನ್ನು ಹಿಡಿದರು. ನನ್ನನ್ನು ದಬ್ಬಳ ಸಮೇತ ಎಳೆದರು. ಸ್ವತಂತ್ರ ಕಾಗದ ಇದೆ ಎಂದು ಡಬ್ಬಿ ತೋರಿಸಿದೆ. ಅದನ್ನು ಯಾರೂ ಓದಲಿಲ್ಲ. ಈಚೀಚೆಗೆ ಸ್ವಲ್ಪ ಮರ್ಯಾದೆಯಿಂದ ನಡೆಸಿಕೊಂಡರು, ನಿನ್ನೆ ಬಿಟ್ಟು ಕಳಿಸಿದರು.

ಮೂರು ವಾರ ಗುದ್ದಲಿ ಹಿಡಿದೆ. ನನ್ನ ಎಡಗಡೆ ಅಲಬಾಮಾದಿಂದ ಓಡಿ ಬಂದ ಮುದುಕ, ಬಲಗಡೆ ನಮ್ಮ ಬೀದಿಯ ಚರ್ಚಿಗೆ ಹೋಗುವ ಕ್ಷೌರಿಕ. ಮುದುಕನ ಕಾಲು ನೋಡಿದೆ. ಎರಡೂ ಕಿರುಬೆರಳು ಒಳಕ್ಕೆ ಮಡಚಿ ಅಂಟಿಕೊಂಡಿವೆ. "ನಲವತ್ತು ವರ್ಷ ಎಡ ಬಲ ಇಲ್ಲದ ನೇರ ಜೋಡು ಹಾಕಿದ್ದು ಕಣಪ್ಪ," ಎಂದ, ನನ್ನ ಕೆಲಸ ಏನೆಂದು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಸಂಜೆ ಅವನ ಜೋಡು ಕೇಳಿ ಪಡೆದು, ಬಿಚ್ಚಿ ಹೊಲಿದುಕೊಟ್ಟೆ.

ದೇಹ ನುಗ್ಗಾಗಿದೆ. ಆದರೆ ಮೂರು ವಾರದಲ್ಲಿ ಒಂದು ದಿನವೂ ಒಬ್ಬನೇ ಉಣ್ಣಲಿಲ್ಲ. ಇಂದು ಕೋಣೆಯಲ್ಲಿ ಒಬ್ಬನೇ ಕೂತವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

1863, ಜನವರಿ 1

ಚರ್ಚಿಗೆ ಹೋದೆ. ದಂಗೆಯೆದ್ದ ರಾಜ್ಯಗಳಲ್ಲಿರುವ ಗುಲಾಮರೆಲ್ಲ ಇಂದಿನಿಂದ ಸ್ವತಂತ್ರರು ಎಂದು ಅಧ್ಯಕ್ಷರು ಸಾರಿದ್ದಾರೆ, ಆ ರಾಜ್ಯಗಳ ಪಟ್ಟಿ ಹೀಗೆ ಎಂದು ಒಬ್ಬರು ಓದಿದರು. ಮೊದಲನೆಯ ಹೆಸರೇ ಅರ್ಕಾನ್ಸಾ. ಪಕ್ಕದವಳು ನನ್ನ ಕೈ ಹಿಡಿದಳು. ಮೂರು ವರ್ಷದ ಹಿಂದೆ ಎಲ್ಲಿಂದ ಓಡಿ ಬಂದಿರಿ ಎಂದು ಕೇಳಿದವಳೇ. ಅರ್ಕಾನ್ಸಾದಿಂದ, ಓಡಿಸಿದ್ದರು ಎಂದೆ. ಆಮೇಲೆ ಅಲ್ಲೇ ಅತ್ತುಬಿಟ್ಟೆ.

ಕಾಗದದ ಮೇಲೆ ನಾವು ಬಿಡುಗಡೆಯಾದೆವು. ಕಾಗದ ಎಷ್ಟು ನಂಬಬೇಕೆಂದು ನನಗೆ ಗೊತ್ತು.

1864, ಮಾರ್ಚ್ 20, ಭಾನುವಾರ
ಹೆಲೆನಾ, ಅರ್ಕಾನ್ಸಾ

ಚರ್ಚಿನವರು ಕೂಡಿಸಿದ ಬಟ್ಟೆ, ಜೋಡುಗಳ ಪೆಟ್ಟಿಗೆಗಳೊಂದಿಗೆ ಸ್ಟೀಮರ್ ಹತ್ತಿ ಬಂದೆ. ನಾಲ್ಕು ವರ್ಷದ ಮೇಲೆ ಈ ಮಣ್ಣು. ಊರನ್ನು ಉತ್ತರದ ಸೈನ್ಯ ಹಿಡಿದಿದೆ, ಅದರ ಬೆನ್ನಿಗೆ ನಮ್ಮವರ ಬಿಡಾರ. ತೋಟಗಳಿಂದ ತಪ್ಪಿಸಿಕೊಂಡು ಬಂದ ಸಾವಿರಾರು ಜನ, ಹರಿದ ಡೇರೆ, ಕೆಸರು, ಕೆಮ್ಮು. ಪೆಟ್ಟಿಗೆಯ ಜೋಡು ಮೊದಲ ದಿನವೇ ಮುಗಿದವು. ಈಗ ಅಲ್ಲೇ ಹೊಲಿಯುತ್ತೇನೆ. ಒಬ್ಬೊಬ್ಬರನ್ನೂ ಕೂರಿಸಿ ಎರಡು ಕಾಲೂ ಅಳೆಯುತ್ತೇನೆ. ಬಿಡಾರದ ಪಾದ್ರಿ ಲೂಮಿಸ್, "ಒಂದೇ ಅಳತೆ ಸಾಕಲ್ಲ ಟಾಲಿವರ್, ಬೇಗ ಆಗುತ್ತೆ," ಎಂದರು. ಆಗುವುದಿಲ್ಲ ಎಂದೆ.

ಕಂಡಕಂಡವರನ್ನೆಲ್ಲ ಕರ್ನಲ್ ವಿಕ್‌ಫೀಲ್ಡ್‌ರ ಕಡೆಯವರಾ ಎಂದು ಕೇಳಿದೆ. ಯಾರೂ ಇಲ್ಲ. ಇಂದು ಸೈನ್ಯದ ಲಾಯದಲ್ಲಿ ಲಗಾಮು ಹೊಲಿಯುತ್ತಿದ್ದ ಬಿಳಿಯನೊಬ್ಬ ತಲೆಯೆತ್ತಿ ನೋಡಿದ. ಓರಿನ್ ಸ್ಕೇಲ್ಸ್. ಮುಖ ಇಳಿದು ಅರ್ಧವಾಗಿದೆ.

"ಎನೋಕಾ? ಅಯ್ಯೋ ದೇವ್ರೇ."

"ನೀವಿಲ್ಲಿ?"

"ದೇಶ ಒಡೆಯೋದು ಬೇಡ ಅಂತ ಒಂದು ಸಭೇಲಿ ಅಂದೆ ಕಣೋ. ಅಷ್ಟೇ ಅಂದಿದ್ದು. ನಮ್ಮ ಬೀದಿಯವ್ರೇ ಬಂದ್ರು. ಸೈನ್ಯ ಸೇರ್ತೀಯೋ, ಊರು ಬಿಡ್ತೀಯೋ, ಆರಿಸ್ಕೋ ಅಂದ್ರು."

"ಆರಿಸ್ಕೊಳ್ಳೋಕೆ ಕೊಟ್ರಲ್ಲ, ಒಳ್ಳೆಯವರೇ."

ಅವನು ನನ್ನನ್ನೇ ನೋಡಿದ. ಲಗಾಮನ್ನು ಕೆಳಗಿಟ್ಟು, "ನಾನು ನಿಂಗೆ ಹೇಳ್ದಾಗ... ಏನೂ ಬದಲಾಗಲ್ಲ ಅಂತ ನಿಜವಾಗ್ಲೂ ಅಂದ್ಕೊಂಡಿದ್ದೆ ಎನೋಕ್," ಎಂದ. ಗೊತ್ತು ಎಂದೆ.

ಕೊನೆಗೆ ಅವನೇ ಹೇಳಿದ. ಹೊಳೆಯಲ್ಲಿ ಉತ್ತರದ ಯುದ್ಧನೌಕೆಗಳು ಕಾಣಿಸಿದ ದಿನವೇ ಕರ್ನಲ್ ತನ್ನ ಆಳುಗಳನ್ನೆಲ್ಲ ಗಾಡಿಗೆ ಕಟ್ಟಿ ಟೆಕ್ಸಾಸಿಗೆ ಹೊಡೆದುಕೊಂಡು ಹೋದನಂತೆ, ಬಿಡುಗಡೆ ಅಲ್ಲಿಗೆ ಮುಟ್ಟದೆಂದು. ಒಬ್ಬರನ್ನೂ ಬಿಡಲಿಲ್ಲವಂತೆ.

ಟೆಕ್ಸಾಸು. ನಾನು ನಾಲ್ಕು ವರ್ಷ ಕಾದು ಬಂದರೆ ದೂರವೇ ಎದ್ದು ಇನ್ನೂ ದೂರಕ್ಕೆ ಹೋಗಿದೆ.

ಮಾರ್ಚ್ 22

ಹದಿನೇಳು ಜೊತೆ.

ಮಾರ್ಚ್ 24, ಗುರುವಾರ

ಲೂಮಿಸ್ ಪಾದ್ರಿಯ ಗುಮಾಸ್ತನಿಗೆ ಜ್ವರ. "ನಿಮ್ಮ ಅಕ್ಷರ ಚೆನ್ನಾಗಿದೆಯಂತೆ, ಒಂದು ದಿನ ಬರೆದುಕೊಡಿ," ಎಂದು ದೊಡ್ಡ ಪುಸ್ತಕದ ಮುಂದೆ ಕೂರಿಸಿದರು. ಬಿಡಾರಕ್ಕೆ ಬರುವವರ ಮದುವೆಗಳ ದಾಖಲೆ. ಹೊಸದಾಗಿ ಕಾನೂನಿನ ಪ್ರಕಾರ ಮದುವೆ ಮಾಡಿಸುವ ಮೊದಲು ಹಿಂದಿನದನ್ನು ಕೇಳಿ ಬರೆಯಬೇಕು. ಹೆಸರು. ಹಿಂದಿನ ಗಂಡ ಅಥವಾ ಹೆಂಡತಿ. ಎಷ್ಟು ವರ್ಷ ಕೂಡಿ ಬಾಳಿದರು. ಮಕ್ಕಳು. ಅಗಲಿದ್ದು ಹೇಗೆ.

ಮಧ್ಯಾಹ್ನದ ತನಕ ಐವತ್ತು ಜನರದು ಬರೆದೆ. ಕೊನೆಯ ಕಾಲಮ್ಮಿನಲ್ಲಿ ಮಾರಾಟ, ಮಾರಾಟ, ಸಾವು, ಮಾರಾಟ. ಒಬ್ಬ ಮುದುಕಿ ನಾಲ್ಕು ಗಂಡಂದಿರ ಹೆಸರು ಹೇಳಿ ನಾಲ್ಕಕ್ಕೂ ಮಾರಾಟ ಎಂದಳು, ಉಪ್ಪಿನ ಬೆಲೆ ಹೇಳುವ ಹಾಗೆ. ಒಬ್ಬ, ಹೆಂಡತಿಯನ್ನು ಟೆಕ್ಸಾಸಿಗೆ ಒಯ್ದರು ಎಂದ. ಅದಕ್ಕೆ ಏನು ಬರೆಯಬೇಕೆಂದು ತಿಳಿಯದೆ ಹಿಂದಿನ ಪುಟಗಳಲ್ಲಿ ಗುಮಾಸ್ತ ಹೇಗೆ ಬರೆದಿದ್ದಾನೆಂದು ತಿರುವಿ ನೋಡಿದೆ.

ಫೆಬ್ರವರಿ ಹನ್ನೊಂದರ ಪುಟ. ಮಹಾಲಾ, ವಿಕ್‌ಫೀಲ್ಡ್ ತೋಟ. ಗಂಡ: ಎನೋಕ್ ಟಾಲಿವರ್, ಜೋಡು ಹೊಲಿಯುವವನು, ಸ್ವತಂತ್ರ. ಮಕ್ಕಳು: ಒಂದು, ಟೆಂಪಿ, ಹೆಣ್ಣು, ಮೂರೂವರೆ. ಕೂಡಿ ಬಾಳಿದ ವರ್ಷ: ಹತ್ತೂವರೆ.

ಲೆಕ್ಕ ತಪ್ಪು, ಆರು ಎಂದಿರಬೇಕಿತ್ತು ಎಂದುಕೊಂಡೆ. ನನ್ನ ಬುದ್ಧಿ ಅಷ್ಟಕ್ಕೇ ಓಡಿದ್ದು. ಆಮೇಲೆ ಕೊನೆಯ ಕಾಲಮ್ಮು ನೋಡಿದೆ.

ಅಗಲಿದ್ದು ಹೇಗೆ: ಅಗಲಿಲ್ಲ.

ಲೂಮಿಸ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ ನಕ್ಕರು. "ಓಹೋ, ಈಯಮ್ಮನಾ! ಗಾಡಿಯಿಂದ ಮಗೂನ ಎತ್ಕೊಂಡು ಹಾರಿದ್ಲಂತೆ, ಒಂದೂವರೆ ವರ್ಷ ಕಾಡು ಜವುಗಲ್ಲಿ ಅಡಗಿಕೊಂಡಿದ್ದವರ ಜೊತೆ ಇದ್ದು ಬಂದಳು. ಎಷ್ಟು ಜಗಳ ಆಡಿದ್ಲು ಗೊತ್ತಾ ನನ್ನ ಹತ್ರ! ಅಗಲಿಲ್ಲ ಅಂತ ಬರೆಯೋಕೆ ಕಾಲಮ್ಮೇ ಇಲ್ಲಮ್ಮ, ನಾಲ್ಕು ವರ್ಷ ಆಯ್ತಲ್ಲ, ದೂರ ಅಂತ ಬರ್ಕೊಳ್ಲಾ ಅಂದೆ. ಅದಕ್ಕೆ ಹೂಂ ಅಂದೋನು ಅವನು, ನಾನಲ್ಲ, ಬರೆಯಪ್ಪ ನಾನು ಹೇಳಿದ್ದನ್ನ ಅಂತ ಗದರಿಸಿದ್ಲು. ಆಸ್ಪತ್ರೆಯ ಬಟ್ಟೆ ಒಗೀತಾಳೆ, ಅಲ್ಲಿ ದಿಣ್ಣೆ ಮೇಲೆ. ಯಾಕೆ ಟಾಲಿವರ್, ನಿಮಗೆ... ಟಾಲಿವರ್?"

ಪುಸ್ತಕ ತೆರೆದೇ ಬಿಟ್ಟು ಓಡಿದೆ. ಕೈಯಲ್ಲಿ ಲೇಖನಿ ಇದ್ದದ್ದು ದಿಣ್ಣೆ ಹತ್ತಿದ ಮೇಲೆ ಗೊತ್ತಾಯಿತು.

ಕಡಾಯಿಗಳ ಹಬೆಯ ನಡುವೆ ದೊಡ್ಡ ಕೋಲಿನಲ್ಲಿ ಬಟ್ಟೆ ಕಲಕುತ್ತಿದ್ದಳು. ಬಹಳ ಬಡವಾಗಿದ್ದಾಳೆ. ತಿರುಗಿ ನೋಡಿದಳು. ಕೋಲನ್ನು ಕಡಾಯಿಯ ಅಂಚಿಗೆ ಒರಗಿಸಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

"ಕಡ್ಡಿ ಸಿಕ್ತಾ?" ಎಂದಳು.

"ಸಿಕ್ತು."

"ಮತ್ತೆ ಜೋಡು ಎಲ್ಲಿ?"

ಮೂರು ವರ್ಷದಿಂದ ಕೋಟಿನ ಒಳಜೇಬಿನಲ್ಲಿತ್ತು. ತೆಗೆದುಕೊಟ್ಟೆ. ಅವಳು ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದಳು. ಎಡ ಯಾವುದು, ಬಲ ಯಾವುದು ಎಂದು ಬೆರಳಲ್ಲಿ ಮುಟ್ಟಿ ಮುಟ್ಟಿ ಗುರುತಿಸಿದಳು. ಆಗ ಅವಳಿಗೆ ಅಳು ಉಕ್ಕಿತು, ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟಳು. ನಾನೂ ಕೂತೆ.

ಅವಳ ಬೆನ್ನ ಹಿಂದಿನಿಂದ ಬರಿಗಾಲಿನ ಹುಡುಗಿಯೊಬ್ಬಳು ಇಣುಕಿದಳು. ಜೋಡನ್ನು ಕಿತ್ತುಕೊಂಡು ಕಾಲಿಗೆ ತುರುಕಿ ನೋಡಿದಳು. ಬೆರಳುಗಳಷ್ಟೇ ಒಳಗೆ ಹೋದವು.

"ಚಿಕ್ಕದಾಯ್ತು," ಎಂದು ನನ್ನನ್ನು ದುರುಗುಟ್ಟಿ ನೋಡಿದಳು.

"ತಡವಾಯ್ತು ಕಣಮ್ಮ," ಎಂದೆ.

ಡಬ್ಬಿಯಲ್ಲಿ ನಾನು ಅಂದಾಜಿಗೆ ಕತ್ತರಿಸಿಟ್ಟ ಕಡ್ಡಿ ಯಾವುದೂ ಸರಿಯಿಲ್ಲ. ಈ ಪಾದ ಅಮ್ಮನ ಹಾಗೆ ಮುಂದೆ ಅಗಲ. ಕಲ್ಲಿನ ಮೇಲೆ ಕೂರಿಸಿ ಅಳತೆ ತೆಗೆದುಕೊಂಡೆ. ಎಡಗಾಲು ಆರೂಕಾಲು ಅಂಗುಲ. ಬಲಗಾಲು ಒಂದು ಕೂದಲಿನಷ್ಟು ಹೆಚ್ಚು. ನಾಳೆ ತೊಗಲು ಕತ್ತರಿಸಬೇಕು.